ಗಬ್ಬದ ಹಸುವಿಗೂ ಒಂದು ಫ್ಯಾನ್

ರೈತ ಬಾಂಧವರೇ, ನಮಸ್ಕಾರ. ಜಾನುವಾರುಗಳು ಸೆಕೆ ತಾಳುವ ಶಕ್ತಿಯ ಬಗ್ಗೆ ಈಗ ಏನೇನು ಸಂಶೋಧನೆ ನಡೆಯುತ್ತಿದೆ, ತಿಳಿಸಿ ಎಂದಿದ್ದಾರೆ ಈ ರೇಡಿಯೊ ನಿಲಯದವರು. ಹೇಳುವುದು ಬಹಳವಿದೆ. ಆದರೆ ಈ ಒಂದು ಮಾತು ನಿಮ್ಮ ಕೊಟ್ಟಿಗೆ ಮುಟ್ಟಿದರೆ ನನಗೆ ಸಾಕು: ಹಾಲು ಬತ್ತಿಸಿದ ಗಬ್ಬದ ಹಸುವನ್ನೂ ತಂಪಾಗಿಡಿ.

ಕಳೆದ ಬೇಸಿಗೆಯಲ್ಲಿ ಕೋಲಾರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಚೊಕ್ಕವಾದ ಕೊಟ್ಟಿಗೆ, ಒಳಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ತಳಿಯ ಮಿಶ್ರತಳಿ ಹಸುಗಳು, ತಲೆಯ ಮೇಲೆ ಹೊಸ ಫ್ಯಾನುಗಳು. ಯಜಮಾನರು ಸ್ವಿಚ್ ಹಾಕಿ, ಆರಿಸಿ, ಮತ್ತೆ ಹಾಕಿ ತೋರಿಸಿದರು. ಹೊರಗೆ ನೋಡಿದರೆ, ತುಂಬು ಗಬ್ಬದ ಹಸುವೊಂದನ್ನು ಹೊಂಗೆ ಮರಕ್ಕೆ ಕಟ್ಟಿದ್ದಾರೆ. ಬೆಳಿಗ್ಗೆ ಅಲ್ಲಿ ನೆರಳಿದ್ದಿರಬೇಕು. ನಾನು ಹೋದಾಗ ನೆರಳು ಮರದ ಆಚೆ ಬದಿಗೆ ಸರಿದಿತ್ತು, ಹಗ್ಗ ಅಷ್ಟು ದೂರ ಎಟಕುತ್ತಿರಲಿಲ್ಲ. ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸಿದೆ. ಉಸಿರಾಟ ನಿಮಿಷಕ್ಕೆ 60 ದಾಟಿದರೆ ಹಸುವಿಗೆ ಸೆಕೆ ತಟ್ಟಿದೆ ಎಂದೇ ಲೆಕ್ಕ. ಇದು 80ನ್ನೂ ದಾಟಿತ್ತು. ಕೇಳಿದರೆ ಯಜಮಾನರು ನಕ್ಕರು: “ಅದು ಈಗ ಹಾಲು ಕೊಡುವುದಿಲ್ಲವಲ್ಲ ಸಾರ್, ಎರಡು ತಿಂಗಳು ಅದಕ್ಕೆ ರಜೆ. ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ?”

ರಜೆಯಂತೆ! ಆ ಎರಡು ತಿಂಗಳಲ್ಲೇ ಕೆಚ್ಚಲು ಮುಂದಿನ ಸೂಲಿಗೆ ಹೊಸ ಜೀವಕೋಶಗಳನ್ನು ಕಟ್ಟಿಕೊಳ್ಳುವುದು. ಹೊಟ್ಟೆಯೊಳಗಿನ ಕರು ಬೆಳೆದು ತೂಕ ಕಟ್ಟುವುದೂ ಆಗಲೇ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಗಬ್ಬದ ಹಸುಗಳ ಎರಡು ಗುಂಪು. ಎರಡಕ್ಕೂ ನೆರಳಿತ್ತು, ಗಮನಿಸಿ. ಫ್ಯಾನು ಮತ್ತು ನೀರಿನ ಸಿಂಪಡಣೆ ಮಾತ್ರ ಒಂದಕ್ಕೇ. ಬರಿಯ ನೆರಳಿನಲ್ಲಿದ್ದವು ಕರು ಹಾಕಿದ ಮೇಲೆ ಕಡಿಮೆ ಹಾಲು ಕೊಟ್ಟವು. ಅದು ಹೋಗಲಿ. ಅವುಗಳ ಹೆಣ್ಣುಕರುಗಳು ಬೆಳೆದು ಹಸುಗಳಾದಾಗ, ಮೊದಲ ಸೂಲಿನಲ್ಲೇ ದಿನಕ್ಕೆ ಸುಮಾರು 2 ಲೀಟರ್ ಖೋತಾ. ಮೊಮ್ಮಗಳ ಹಾಲಿನಲ್ಲೂ ಕೊರತೆ ಕಂಡಿತು. ಯಜಮಾನರು ಉಳಿಸಿದ ಕರೆಂಟು ಬಿಲ್ಲನ್ನು ಮೊಮ್ಮಗಳ ತನಕ ಕಟ್ಟಬೇಕಾಗುತ್ತದೆ.

ನಮ್ಮ ಹಳ್ಳಿಕಾರ್, ಅಮೃತಮಹಲ್ ದನಗಳು ಬಿಸಿಲಿಗೆ ಹೀಗೆ ಸೋಲುವುದಿಲ್ಲ, ನಿಜ. ಆದರೆ ಡೇರಿಗೆ ಹಾಲು ಹಾಕುತ್ತಿರುವುದು ಮಿಶ್ರತಳಿ ತಾನೇ? ಅದಕ್ಕೆ ಮೈ ಒದ್ದೆ ಮಾಡಿ, ಮೇಲಿಂದ ಗಾಳಿ ಬಿಡಿ. ಕರಾವಳಿಯವರು ಗಾಳಿಯಿಲ್ಲದೆ ಬರಿಯ ನೀರು ಸುರಿಯಬೇಡಿ, ಅಲ್ಲಿನ ತೇವದಲ್ಲಿ ಅದು ಆರುವುದೇ ಇಲ್ಲ.

ನಿಲಯದವರು ಕೈಸನ್ನೆ ಮಾಡುತ್ತಿದ್ದಾರೆ. ಕೆರಿಬಿಯನ್ ದ್ವೀಪದ ಸೆನೆಪೋಲ್ ಎಂಬ ದನದ ತಳಿಯಲ್ಲಿ ಮೈಗೂದಲನ್ನು ಗಿಡ್ಡವಾಗಿಸಿ ದೇಹವನ್ನು ತಂಪಾಗಿಡುವ ಒಂದು ಜೀನ್ ಸಿಕ್ಕಿದೆ, ಅದನ್ನು ಎಚ್‌ಎಫ್‌ಗೂ ತಂದಿದ್ದಾರೆ. ಬೆಂಗಳೂರಿನ ಆಡುಗೋಡಿಯಲ್ಲಿರುವ, ಜಾನುವಾರುಗಳ ಆಹಾರ ಮತ್ತು ದೇಹಕ್ರಿಯೆಯ ರಾಷ್ಟ್ರೀಯ ಸಂಸ್ಥೆಯಲ್ಲಿ ಆಡುಗಳು ಸೆಕೆ ತಾಳುವ ಬಗ್ಗೆ ಒಳ್ಳೆಯ ಕೆಲಸ ನಡೆದಿದೆ. ಅದನ್ನೆಲ್ಲ ವಿಸ್ತರಿಸಲು ಈಗ ಹೊತ್ತಿಲ್ಲ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಗಬ್ಬದ ಹಸುವಿನ ಪಕ್ಕೆ ನೋಡಿ, ಒಂದು ನಿಮಿಷ ಎಣಿಸಿ. 60 ದಾಟಿದ್ದರೆ ಒಂದು ಫ್ಯಾನನ್ನು ಅದರ ಕಡೆಗೆ ತಿರುಗಿಸಿ. ನಮಸ್ಕಾರ.