ಕತೆ ಹೇಳಿದವಳು ಅನ್ನಾ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಮ್ಮ ಕಡೆಯ ಜನಪದ ಕತೆಗಳನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದ ಮೇರಿ ಫ್ರೀರ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಮಾತಾಡುತ್ತೇನೆ. ಆದರೆ ನನಗೆ ಮೇರಿಗಿಂತ ಅವಳ ಆಯಾ ಮೇಲೇ ಪ್ರೀತಿ ಜಾಸ್ತಿ. ಹೆಸರು ಅನ್ನಾ ಲಿಬರಾಟಾ ಡಿಸೋಜಾ. ಈ ಹೆಸರನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇರಿ ಹುಟ್ಟಿದ್ದು 1845ರಲ್ಲಿ, ಇಂಗ್ಲೆಂಡಿನಲ್ಲಿ. ಅಪ್ಪ ಬಾರ್ಟಲ್ ಫ್ರೀರ್ ಮುಂಬೈ ಗವರ್ನರ್ ಆದರು. ಆಗ ಬೆಳಗಾವಿ, ಧಾರವಾಡ, ಬಿಜಾಪುರ ಎಲ್ಲ ಮುಂಬೈಯ ಕೈಕೆಳಗೇ. 1865ರ ಚಳಿಗಾಲದಲ್ಲಿ ಸಾಹೇಬರು ಪುಣೆಯಿಂದ ಸುತ್ತಾಟಕ್ಕೆ ಹೊರಟರು. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಕಲಾದಗಿ, ಬಿಜಾಪುರ, ಸೋಲಾಪುರ. ಡೇರೆ, ಕುದುರೆ, ನೂರಾರು ಜನರ ದಂಡು. ಹೆಂಡತಿ ಇಂಗ್ಲೆಂಡಿನಲ್ಲಿದ್ದರು, ಅದಕ್ಕೆ ಇಪ್ಪತ್ತು ವರ್ಷದ ಮಗಳು ಜೊತೆಗೆ ಬಂದಳು. ಅಷ್ಟು ದೊಡ್ಡ ದಂಡಿನಲ್ಲಿ ಅವಳ ಜೊತೆ ಕೂತು ಹರಟೋಕೆ ಬೇರೆ ಮೇಮ್‌ಸಾಹೇಬ್ ಒಬ್ಬರೂ ಇರಲಿಲ್ಲ.

ಓದಿದಳು, ಬರೆದಳು, ಚಿತ್ರ ಗೀಚಿದಳು, ಸಾಕಾಯಿತು. ಒಂದು ಕತೆ ಹೇಳು ಅಂದಳು ಅನ್ನಾಗೆ. ಅಯ್ಯೋ ನನ್ನಿಂದ ಆಗಲ್ಲ ಅಂದಳು ಅನ್ನಾ. ಮೊಮ್ಮಕ್ಕಳಿಗೆ ಹೇಳ್ತೀಯಲ್ವಾ ಅಂತ ಮೇರಿ ಬಿಡಲಿಲ್ಲ. ಸರಿ, ನೆನಪು ಮಾಡ್ಕೋತೀನಿ ಅಂತ ಅನ್ನಾ ತನ್ನ ಅಜ್ಜಿ ಹೇಳಿದ ಒಂದು ಕತೆ ತೆಗೆದಳು. ಒಬ್ಬ ಮಾಂತ್ರಿಕ, ರಾಜಕುಮಾರಿಯನ್ನು ಹೊತ್ತೊಯ್ದು ಹನ್ನೆರಡು ವರ್ಷ ಗೋಪುರದಲ್ಲಿ ಕೂಡಿಹಾಕಿದ್ದಾನೆ. ಕೊಲ್ಲೋಣ ಅಂದರೆ ಅವನ ಜೀವ ಅವನ ಮೈಯಲ್ಲಿಲ್ಲ. ಎಲ್ಲೋ ದೂರದ ಕಾಡು, ಅಲ್ಲಿ ಒಂದರ ಮೇಲೊಂದು ಆರು ಕೊಡ ನೀರು, ಅವುಗಳ ಕೆಳಗೆ ಪಂಜರ, ಪಂಜರದಲ್ಲಿ ಹಸಿರು ಗಿಳಿ. ರಾಜಕುಮಾರಿಯ ಮಗ ಹೋಗಿ ಗಿಳಿ ಹಿಡಿದು ಒಂದು ರೆಕ್ಕೆ ಕಿತ್ತರೆ ಇಲ್ಲಿ ಮಾಂತ್ರಿಕನ ತೋಳು ಉದುರುತ್ತದೆ, ಕಾಲು ಕಿತ್ತರೆ ಕಾಲು, ಕೊನೆಗೆ ಕತ್ತು. ನಿಮ್ಮಜ್ಜಿಯೂ ಹೇಳಿದ್ದರು, ಅಲ್ವಾ?

ಹೇಳಿದವಳು ಅನ್ನಾ. ಮೇರಿ ಕೇಳುತ್ತಾ ಗುರುತು ಹಾಕಿಕೊಂಡು, ಆಮೇಲೆ ಬರೆದು, ಬರೆದದ್ದನ್ನು ಅನ್ನಾ ಎದುರಿಗೇ ಓದಿ, ತಪ್ಪಿಲ್ಲ ತಾನೇ ಅಂತ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಅದು ನನಗೆ ತುಂಬಾ ಇಷ್ಟ. 1868ರಲ್ಲಿ 'ಓಲ್ಡ್ ಡೆಕ್ಕನ್ ಡೇಸ್' ಪುಸ್ತಕವಾಗಿ ಬಂತು. ಮುಖಪುಟ ನೋಡಿ: ಸಂಗ್ರಹ ಮಗಳದು, ಮುನ್ನುಡಿ ಅಪ್ಪನದು, ಚಿತ್ರಗಳು ತಂಗಿಯದು. ಒಂದೇ ಮನೆಯ ಮೂರು ಹೆಸರು. ಅನ್ನಾ? ಇಲ್ಲ.

ಹಾಗಂತ ಮೇರಿಯನ್ನು ಸುಮ್ನೆ ಬಯ್ಯಬೇಡಿ. ಒಳಗೆ ಅನ್ನಾ ತನ್ನ ಬಾಳಿನ ಬಗ್ಗೆ ತಾನೇ ಹೇಳುವ ಒಂದು ಅಧ್ಯಾಯವೇ ಇದೆ. ಅಜ್ಜನ ಕಡೆಯವರು ಲಿಂಗಾಯತರು, ಕಲ್ಲಿಕೋಟೆಯಲ್ಲಿದ್ದರು, ಗೋವಾ ಕಡೆ ಹೋಗಿ ಅಜ್ಜ ಕ್ರೈಸ್ತನಾದ, ಅದಕ್ಕೆ ಅವನಪ್ಪ ಮನೆಯಿಂದಲೇ ಹೊರಗೆ ಹಾಕಿದ. ಕತೆ ಹೇಳುತ್ತಿದ್ದ ಅಜ್ಜಿ ನೂರು ದಾಟಿ ಬದುಕಿದಳು. ಅನ್ನಾ ಗಂಡ ಸತ್ತ ಮೇಲೆ ಮಕ್ಕಳನ್ನು ಸಾಕೋಕೆ ಚಾಕರಿಗೆ ಸೇರಿದಳು. ಆ ಕಾಲದ ಎಷ್ಟು ಸಾಹೇಬರು ತಮ್ಮ ಆಯಾಗೆ ಇಷ್ಟು ಪುಟ ಕೊಟ್ಟರು? ಆದರೂ ಇವತ್ತಿಗೂ ಜನ ಫ್ರೀರ್ ಕತೆಗಳು ಅಂತಾರೆ. ಅನ್ನಾ ಕತೆಗಳು ಅನ್ನಿ ಮಾರಾಯ್ರೇ.

ಫ್ಲೋರಾ ಆನಿ ಸ್ಟೀಲ್ ಬಗ್ಗೆಯೂ ಹೇಳಬೇಕಿತ್ತು. ಪಂಜಾಬಿನಲ್ಲಿ ಕತೆ ಕೂಡಿಸಿದವರು, 1857ರ ದಂಗೆ ಬಗ್ಗೆ ದೊಡ್ಡ ಕಾದಂಬರಿ ಬರೆದವರು, ಮೇರಿಗಿಂತ ಹೆಸರುವಾಸಿ. ಆದರೆ ಗಾಜಿನ ಆಚೆಯಿಂದ ಕೈಸನ್ನೆ ಶುರುವಾಗಿದೆ, ಅನ್ನಾ ನನ್ನ ಸಮಯವೆಲ್ಲ ತಿಂದಳು. ಮೇರಿ ಪುಸ್ತಕ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ತೆರೆದ ಕೂಡಲೇ ಗಿಳಿ ಕತೆಗೆ ಹಾರಬೇಡಿ, ಮೊದಲು ಅನ್ನಾ ಅಧ್ಯಾಯ ಓದಿ. ನಮಸ್ಕಾರ.