ನೋವಿರುವ ಕೈಗೂ ಕೆಲಸ ಬೇಕು

(ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಒಂದು ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ನನ್ನ ಮಾತು ಮುಗಿದ ಮೇಲೆ ತಾಳಮದ್ದಳೆ ಇದೆ, ಚೆಂಡೆ ಆಗಲೇ ವೇದಿಕೆಯ ಪಕ್ಕದಲ್ಲಿ ಬಂದು ಕೂತಿದೆ. ಹಾಗಾಗಿ ಪೀಠಿಕೆ ಬೇಡ.

ಆಪರೇಷನ್ ಆದವರನ್ನು ನೋಡಲು ಹೋದಾಗ ನಾವೆಲ್ಲ ಏನು ಹೇಳುತ್ತೇವೆ? "ಕೈ ಅಲ್ಲಾಡಿಸಬೇಡಿ, ಸುಮ್ನೆ ಮಲಗಿ." ಪ್ರೀತಿಯಿಂದಲೇ ಹೇಳುತ್ತೇವೆ. ಫಿಸಿಯೋಥೆರಪಿ ಮಾಡುವ ನಾನು ಈ ಪ್ರೀತಿಗೆ ಸಿಕ್ಕಿ ಗಟ್ಟಿಯಾದ ಭುಜಗಳನ್ನು ತುಂಬಾ ನೋಡಿದ್ದೇನೆ. ಎದೆಯ ಆಪರೇಷನ್ ಆದವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು. ಮುರಿದದ್ದು ಮಣಿಕಟ್ಟು, ಗಟ್ಟಿಯಾದದ್ದು ಭುಜ! ನೋವಿರುವ ಕೈಗೂ ಕೆಲಸ ಬೇಕು. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಮುಂಗೈ ಮುಂದಕ್ಕೆ ಇರಲಿ. ಮೊಣಕೈ ಅಲ್ಲಾಡದ ಹಾಗೆ ಮುಂಗೈಯನ್ನು ಹೊರಗೆ ತಿರುಗಿಸಿ. ಬಂತಲ್ವಾ? ಭುಜ ಹಿಡಿದುಕೊಂಡಾಗ ಸಾಮಾನ್ಯವಾಗಿ ಮೊದಲು ಹೋಗುವುದು ಈ ತಿರುವು. ಬೇರೆಯವರು ಹಿಡಿದು ತಿರುಗಿಸಿದರೂ ಬರುವುದಿಲ್ಲ. ಸ್ನಾಯುವಿನ ನಾರು ಹರಿದಿದ್ದರೆ ಬೇರೆ ರೀತಿ. ತಾನಾಗಿ ಎತ್ತಲು ಆಗದ ಕೈಯನ್ನು ಇನ್ನೊಬ್ಬರು ಎತ್ತಿದರೆ ಮೇಲೆ ಹೋಗುತ್ತದೆ. ಭುಜ ಹಿಡಿದುಕೊಂಡಿದ್ದರೂ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಏನೂ ಕಾಣುವುದಿಲ್ಲ. "ಎಕ್ಸ್‌ರೇ ಸರಿ ಇದೆ, ಇವಳದ್ದು ಬರೀ ನೆವ" ಎಂದು ಮನೆಯವರು ಹೇಳುವುದು ಅದಕ್ಕೇ. ನೆವ ಅಲ್ಲ. ಆ ಬದಿಗೆ ಮಲಗಲು ಆಗದೆ ರಾತ್ರಿಯಿಡೀ ಎದ್ದು ಕೂತಿರುತ್ತಾರೆ.

ಒಳಗೆ ಏನಾಗುತ್ತದೆ? ಭುಜದ ಕೀಲನ್ನು ಸುತ್ತಿ ಒಂದು ತೆಳು ಚೀಲ ಇದೆ. ಕೈ ಮೇಲೆ ಹೋಗಬೇಕಲ್ಲ, ಅದಕ್ಕೆ ಕಂಕುಳಿನ ಕಡೆ ಆ ಚೀಲ ಸಡಿಲವಾಗಿ ಮಡಿಕೆ ಬಿದ್ದಿರುತ್ತದೆ. ಒದ್ದೆ ಕೊಡೆಯನ್ನು ಮಡಚಿ ಅಟ್ಟಕ್ಕೆ ಹಾಕಿ, ಮುಂದಿನ ಮಳೆಗಾಲಕ್ಕೆ ತೆಗೆದು ನೋಡಿ. ಬಟ್ಟೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಇಲ್ಲೂ ಹಾಗೆಯೇ. ಚೀಲ ಉರಿಯೂತದಿಂದ ದಪ್ಪವಾಗುತ್ತದೆ, ಕುಗ್ಗುತ್ತದೆ. ಇದಕ್ಕೆ 'ಫ್ರೋಜನ್ ಶೋಲ್ಡರ್', ಅಂದರೆ ಹೆಪ್ಪುಗಟ್ಟಿದ ಭುಜ, ಎಂಬ ಹೆಸರು ಕೊಟ್ಟವರು ಅಮೆರಿಕದ ಬೋಸ್ಟನ್ನಿನ ಸರ್ಜನ್ ಕಾಡ್ಮನ್, 1934ರಲ್ಲಿ. ಚೀಲವೇ ದಪ್ಪವಾಗಿ ಕುಗ್ಗುವುದನ್ನು 1945ರಲ್ಲಿ ನೆವಿಯಾಸರ್ ಎಂಬ ವೈದ್ಯರು ವಿವರಿಸಿದರು. ನಮ್ಮ ಆಯುರ್ವೇದದವರು ಇಂಥ ತೊಂದರೆಯನ್ನು ಅಪಬಾಹುಕ ಎನ್ನುತ್ತಾರೆ.

ಈಗ ಒಂದು ಮನೆಯ ಕಥೆ. ಊರು, ಹೆಸರು ಹೇಳುವುದಿಲ್ಲ. ಆ ಅಕ್ಕನಿಗೆ ಐವತ್ತು ದಾಟಿದೆ. ಸ್ತನದ ಕ್ಯಾನ್ಸರ್. ಮಂಗಳೂರಿನಲ್ಲಿ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ, ಅಂದರೆ ದುಗ್ಧಗ್ರಂಥಿಗಳನ್ನೂ, ತೆಗೆದರು. ಬಿಡುಗಡೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು, ಭುಜದ ವ್ಯಾಯಾಮ ಮಾಡಿ ಎಂದು. ಯಾವ ವ್ಯಾಯಾಮ, ಯಾವಾಗಿನಿಂದ, ಎಷ್ಟು ಹೊತ್ತು, ಯಾರೂ ಕೂತು ಹೇಳಲಿಲ್ಲ. ನಮ್ಮ ಗಡಿನಾಡಿನ ಪಾಡು ನಿಮಗೆ ಗೊತ್ತೇ ಇದೆ. ಚೀಟಿ ಇಂಗ್ಲಿಷ್, ಈಚೆಯ ಆಸ್ಪತ್ರೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡವೋ ತುಳುವೋ. ಆ ಒಂದು ಸಾಲು ಯಾರಿಗೂ ತಲುಪಲಿಲ್ಲ.

ಮನೆಗೆ ಬಂದರು. ಅತ್ತೆ ದೇವರಂಥವರು. "ಮಗಳೇ, ಕೈ ಎತ್ತಬೇಡ, ಹೊಲಿಗೆ ಬಿಚ್ಚೀತು" ಎಂದರು. ತಲೆ ಬಾಚುವುದು ಮಗಳು, ಬಟ್ಟೆ ಒಣಗಲು ಹಾಕುವುದು ಗಂಡ, ಅನ್ನ ಬಸಿಯುವುದು ಅತ್ತೆ. ಅಂಥ ಮನೆ ಎಲ್ಲರಿಗೂ ಸಿಗಲಿ! ಒಂದೂವರೆ ತಿಂಗಳು ಆ ಕೈ ಮಡಿಲಲ್ಲೇ ಇತ್ತು.

ಆಮೇಲೆ ರೇಡಿಯೇಷನ್‌ಗೆ ಹೋದರು. ಅಲ್ಲಿ ಆ ಬದಿಯ ಕೈಯನ್ನು ತಲೆಯ ಮೇಲೆ ಇಟ್ಟು ಮಲಗಬೇಕು. ಕಿರಣ ಕೈಗೆ ತಾಗದೆ ಎದೆಗೆ ಹೋಗಬೇಕಲ್ಲ. ದಿನಾ ಅದೇ ಭಂಗಿ, ಅಲ್ಲಾಡದೆ. ಇವರ ಕೈ ಭುಜದ ಮಟ್ಟಕ್ಕೂ ಬರಲಿಲ್ಲ. "ಕೈ ಸರಿ ಮಾಡಿಕೊಂಡು ಬನ್ನಿ" ಎಂದು ವಾಪಸು ಕಳಿಸಿದರು. ಯೋಚನೆ ಮಾಡಿ, ಕ್ಯಾನ್ಸರಿನ ಚಿಕಿತ್ಸೆ ಭುಜದಿಂದಾಗಿ ನಿಂತಿತು. ಮಗಳು ಫೋನ್ ಮಾಡಿ ಅಳುತ್ತಿದ್ದಳು. ನನಗೆ ಸಿಟ್ಟು ಬಂದದ್ದು ಆ ಚೀಟಿಯ ಮೇಲೆ.

ಮನೆಗೆ ಹೋದೆ. ಮೊದಲು ಮಾತಾಡಿದ್ದು ಅತ್ತೆಯ ಹತ್ತಿರ. ಅವರು ಒಪ್ಪದೆ ಆ ಮನೆಯಲ್ಲಿ ಏನೂ ನಡೆಯುವುದಿಲ್ಲ. ಹೊಲಿಗೆ ಒಣಗಿದೆ, ಇನ್ನು ಬಿಚ್ಚುವುದಿಲ್ಲ ಎಂದು ಸರ್ಜನ್ ಹೇಳಿದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಆಮೇಲೆ ಜಗಲಿಯಲ್ಲಿ ಶುರು. ಒಳ್ಳೆಯ ಕೈಯನ್ನು ಬೆಂಚಿಗೆ ಊರಿ, ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಇಳಿಬಿಟ್ಟು ಮೆಲ್ಲನೆ ತೂಗುವುದು. ಇದು ಆ ಕಾಡ್ಮನ್ ಹೆಸರಿನಲ್ಲೇ ಇರುವ ವ್ಯಾಯಾಮ. ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಕಡೆಗೆ ಒಯ್ಯುವುದು. ಗೋಡೆಯ ಮೇಲೆ ಬೆರಳು ನಡೆಸುವುದು, ಮುಟ್ಟಿದ ಕಡೆ ಪೆನ್ಸಿಲ್ ಗೆರೆ. ಕೊಟ್ಟಿಗೆಯಲ್ಲಿ ಹಳೆಯ ಬಾವಿ ರಾಟೆ ಬಿದ್ದಿತ್ತು, ಪಂಪು ಬಂದ ಮೇಲೆ ಯಾರಿಗೂ ಬೇಡವಾದದ್ದು. ಅದನ್ನು ಜಗಲಿಯ ಅಡ್ಡಕ್ಕೆ ಕಟ್ಟಿದೆವು. ಹಗ್ಗದ ಒಂದು ತುದಿ ಒಳ್ಳೆಯ ಕೈಗೆ, ಇನ್ನೊಂದು ನೋವಿನ ಕೈಗೆ. ಒಳ್ಳೆಯ ಕೈ ಎಳೆದಾಗ ಇನ್ನೊಂದು ಏರುತ್ತದೆ. ಆಸ್ಪತ್ರೆಯ ಯಂತ್ರವೂ ಇದೇ.

ಅತ್ತೆ ಹೇಗೆ ಬದಲಾದರು ಗೊತ್ತಾ? ಹಾಲಿನವನು ಬರಲಿ, ಬೀಡಿ ಎಲೆಯವರು ಬರಲಿ, ಎಲ್ಲರನ್ನೂ ಗೋಡೆಯ ಹತ್ತಿರ ಕರೆದು ಗೆರೆ ತೋರಿಸುವುದು. "ನಿನ್ನೆಯದ್ದು ಇದು, ಇವತ್ತಿನದ್ದು ಇದು!" ಗೆರೆ ಏರದ ದಿನ ಸೊಸೆಗಿಂತ ಜಾಸ್ತಿ ಬೇಸರ ಅವರಿಗೆ. ಗೆರೆ ಒಮ್ಮೊಮ್ಮೆ ಕೆಳಗೂ ಬರುತ್ತದೆ ಎಂದು ನಾನು ಅವರಿಗೆ ಸಮಾಧಾನ ಹೇಳಬೇಕಿತ್ತು. ಆ ಅಕ್ಕನ ರೇಡಿಯೇಷನ್ ತಡವಾಗಿಯಾದರೂ ಪೂರ್ತಿ ಆಯಿತು. ಅದರ ನಡುವೆಯೂ ವ್ಯಾಯಾಮ ಬಿಡಲಿಲ್ಲ. ಬಿಡಬಾರದು, ಕಿರಣ ಬಿದ್ದ ಜಾಗ ಆಮೇಲೂ ಬಿಗಿಯಾಗುತ್ತಾ ಹೋಗುತ್ತದೆ.

ಅದಕ್ಕೇ ಹೇಳುವುದು, ನೋವಿರುವ ಕೈಗೂ ಕೆಲಸ ಬೇಕು. ಸ್ತನದ ಆಪರೇಷನ್ ಆದರೆ ಸಾಮಾನ್ಯವಾಗಿ ಮರುದಿನದಿಂದಲೇ ಮುಷ್ಟಿ ಹಿಡಿಯುವುದು, ಮೊಣಕೈ ಮಡಚುವುದು ಶುರು ಮಾಡಿಸುತ್ತಾರೆ. ಭುಜಕ್ಕಿಂತ ಮೇಲೆ ಎತ್ತುವುದು, ಗಾಯದ ನೀರು ಹೊರಗೆ ಹರಿಯಲು ಇಟ್ಟ ಟ್ಯೂಬ್ ತೆಗೆದ ಮೇಲೆ. ಯಾವಾಗ ಎಂದು ಸರ್ಜನ್ ಹತ್ತಿರ ಕೇಳಿಯೇ ಹೊರಡಿ. ಕೇಳುವುದು ನಮ್ಮ ಹಕ್ಕು. ಭುಜದೊಳಗೆ ಹರಿದ ನಾರು ಹೊಲಿದಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಹೆಚ್ಚಾಗಿ 4ರಿಂದ 6 ವಾರ ಕೈಯನ್ನು ಜೋಳಿಗೆಯಲ್ಲೇ ಇಡಬೇಕು, ಹೇಳದೆ ಎತ್ತಬಾರದು. ಪೇಸ್‌ಮೇಕರ್ ಆದವರಿಗೂ ಕೆಲವು ವಾರ ಕೈ ಮೇಲೆತ್ತಬೇಡಿ ಎನ್ನುತ್ತಾರೆ. ಆ ವಾರಗಳು ಮುಗಿದ ಮೇಲೂ ವರ್ಷಗಟ್ಟಲೆ ಹೆದರಿ ಎತ್ತದವರಿದ್ದಾರೆ.

ಭಾಗವತರು ಬಂದರು, ನಮಸ್ಕಾರ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸಕ್ಕರೆ ಕಾಯಿಲೆ ಇದ್ದವರು ಜಾಸ್ತಿ ಜಾಗ್ರತೆ. ಸಾಮಾನ್ಯ ಜನರಲ್ಲಿ 100ಕ್ಕೆ 2ರಿಂದ 5 ಮಂದಿಗೆ ಫ್ರೋಜನ್ ಶೋಲ್ಡರ್ ಬಂದರೆ, ಸಕ್ಕರೆಯವರಲ್ಲಿ 10ರಿಂದ 20 ಎಂದು ಪುಸ್ತಕಗಳಲ್ಲಿ ಇದೆ. ಥೈರಾಯ್ಡ್ ಇದ್ದವರಿಗೂ ಜಾಸ್ತಿ.

ಒಂದೇ ಸಲ ಅರ್ಧ ಗಂಟೆ ಎಳೆದಾಡಬೇಡಿ. ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಮಾಡುವಾಗ ಎಳೆತ ಇರಲಿ. ನೋವು ಅರ್ಧ ಗಂಟೆಯಲ್ಲಿ ಇಳಿದರೆ ಸರಿ. ಮರುದಿನ ಬೆಳಿಗ್ಗೆಯೂ ಇದ್ದರೆ ಅಳತೆ ಮೀರಿದೆ. ಯಾರಾದರೂ ಕೈ ಹಿಡಿದು ಜೋರಾಗಿ ಎಳೆದು "ಬಿಡಿಸುತ್ತೇನೆ" ಎಂದರೆ ಬಿಡಬೇಡಿ. ಬಿಸಿ ನೀರಿನ ಚೀಲ ಬೇರೆಯವರಿಗೆ ಒಳ್ಳೆಯದೇ. ಆದರೆ ಸ್ತನದ ಆಪರೇಷನ್ ಆದ ಬದಿಗೆ ಬೇಡ, ಅಲ್ಲಿ ಚರ್ಮಕ್ಕೆ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ.

ತಾನಾಗಿ ಬಂದ ಫ್ರೋಜನ್ ಶೋಲ್ಡರ್ ಸಡಿಲವಾಗಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಹೆಚ್ಚಿನವರಿಗೆ ಕೈ ತಿರುಗಿ ಬರುತ್ತದೆ. ಬಾರದಿದ್ದರೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ, ಡಾಕ್ಟರೇ ಅರಿವಳಿಕೆ ಕೊಟ್ಟು ಬಿಡಿಸುವುದಿದೆ, ದುರ್ಬೀನಿನಿಂದ ಚೀಲ ಬಿಡಿಸುವ ಆಪರೇಷನ್ ಇದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಪರೀಕ್ಷೆ ಮಾಡಿಸುತ್ತಿರಿ. ಇವುಗಳಲ್ಲಿ ಯಾವುದನ್ನು ಮಾಡಿದರೂ ಮರುದಿನದಿಂದ ಮತ್ತೆ ಆ ರಾಟೆ, ಆ ಗೋಡೆ.

ಕೊನೆಯದಾಗಿ ಆಪರೇಷನ್ ಆದವರಿಗೆ ಒಂದು ಮಾತು. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ತೋಳು ದಿಢೀರನೆ ಊದಿಕೊಂಡರೆ ವ್ಯಾಯಾಮ ನಿಲ್ಲಿಸಿ, ಅದೇ ದಿನ ಡಾಕ್ಟರಿಗೆ ತೋರಿಸಿ. ನನ್ನ ಹತ್ತಿರ ವ್ಯಾಯಾಮದ ಚೀಟಿ ಇದೆ, ಕನ್ನಡದಲ್ಲೇ, ಚಿತ್ರ ಹಾಕಿ ಬರೆದದ್ದು. ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಮನೆಯಲ್ಲಿ ಆಪರೇಷನ್ ಆದವರಿದ್ದರೆ ಎರಡು ತಗೊಳ್ಳಿ, ಒಂದು ಅವರಿಗೆ, ಇನ್ನೊಂದು ಅತ್ತೆಗೆ.