ಮೀಸೆಗೆ ಮಣ್ಣು, ಗ್ಲೌಸಿಗೆ ಬೂಷ್ಟು

ನಮಸ್ಕಾರ. ಹಿಂದಿನಿಂದ ಕೇಳಿಸುತ್ತಿರುವುದು ಮೈಕಿನ ದೋಷವಲ್ಲ, ಮಳೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಂಚಿನ ಮೇಲೆ ನಾಲ್ಕು ದಿನದಿಂದ ಇದೇ ಸದ್ದು. ಚಿತ್ರ ತೆಗೆದದ್ದು ಮೊನ್ನೆ, ಕರೆಂಟು ಬಂದದ್ದು ಇವತ್ತು, ಆದ್ದರಿಂದ ಮಾತು ಇವತ್ತಿನದು. ಮೊನ್ನೆ ಆಡಿದ ಮಾತು ಒಂದೂ ಕೇಳಿಸುವಂತಿಲ್ಲ. ನನ್ನ ತುಟಿ ಅಲ್ಲಾಡುತ್ತದೆ, ಮಳೆ ಮಾತಾಡುತ್ತದೆ. ವಿಷಯ ಬಾಕ್ಸಿಂಗ್: ಸೋಲೇ ಕಾಣದವನು ಮೊದಲ ಸಲ ಸೋತರೆ ಅವನ ಹೆಸರು ಏನಾಗುತ್ತದೆ ಎಂದು ಚಿಕ್ಕಪ್ಪನಿಗೂ ನನಗೂ ನಡೆದ ವಾದ.

ಗೋಣಿಚೀಲ, ಭತ್ತದ ಹೊಟ್ಟು, ದಬ್ಬಳ, ಹುರಿ. ಏನು ಮಾಡುತ್ತಿದ್ದೇನೆ ಎನ್ನುವುದು ಕಾಣುತ್ತಿದೆಯಲ್ಲ. ಪಂಚಿಂಗ್ ಬ್ಯಾಗ್. ತಳಕ್ಕೆ ಸ್ವಲ್ಪ ಮರಳು, ಮೇಲೆ ಹೊಟ್ಟು, ಬಾಯಿಗೆ ಹೊಲಿಗೆ, ಜಗಲಿಯ ತೊಲೆಗೆ ನೇತುಹಾಕುವುದು. ಚೀಲಕ್ಕೆ ಖರ್ಚು ಸೊನ್ನೆ. ಆದರೆ ಗ್ಲೌಸ್ ವಿಚಾರ ಹೇಳಲೇಬೇಕು.

ಕ್ಯಾಮೆರಾಕ್ಕೆ ಹಿಡಿದು ತೋರಿಸುತ್ತಿದ್ದೇನೆ, ನೋಡಿ. ಇದು ಹಸಿರು ಬಣ್ಣದ ಗ್ಲೌಸ್ ಅಲ್ಲ. ತರಿಸಿದಾಗ ಕಪ್ಪಗಿತ್ತು. ಮೇ ತಿಂಗಳಲ್ಲಿ ಆನ್‌ಲೈನಿನಲ್ಲಿ 1,899 ರೂಪಾಯಿ ಕೊಟ್ಟು ತರಿಸಿದೆ. ಅಪ್ಪಟ ಚರ್ಮ ಎಂದು ಬರೆದಿದ್ದರು. ಚರ್ಮ ಹೌದೋ ಅಲ್ಲವೋ, ಬೂಷ್ಟಿಗಂತೂ ಬಹಳ ಇಷ್ಟವಾಗಿದೆ. ಜೂನ್ ಕಳೆಯುವಷ್ಟರಲ್ಲಿ ಹೊರಗೆ ಬಿಳಿ ಪುಡಿ, ಜುಲೈಯಲ್ಲಿ ಹಸಿರು. ಒಳಗೆ ಕೈ ಹಾಕಿದರೆ ಹಳೆಯ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದ ಹಾಗೆ. ಮಾರಿದವರಿಗೆ ಚಿತ್ರ ಕಳಿಸಿದೆ. ವಾಪಸು ಮಾಡುವ ಅವಧಿ ಹತ್ತು ದಿನ, ಅದು ಮುಗಿದಿದೆ ಎಂದರು. ಬೂಷ್ಟು ಹತ್ತು ದಿನದೊಳಗೆ ಬರಬೇಕಿತ್ತು ಎಂದಾಯಿತು. ಮತ್ತೆ ಬರೆದೆ. ಒಣಗಿದ, ಗಾಳಿಯಾಡುವ ಜಾಗದಲ್ಲಿ ಇಡಬೇಕಿತ್ತು ಎಂಬ ಉತ್ತರ ಬಂತು. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಒಣಗಿದ ಜಾಗ! ಅಂಥದ್ದೊಂದು ಇದ್ದಿದ್ದರೆ ಅಲ್ಲಿ ಗ್ಲೌಸ್ ಇಡುತ್ತಿರಲಿಲ್ಲ, ನಾವೇ ಹೋಗಿ ಕೂರುತ್ತಿದ್ದೆವು.

ಕಡೆಗೆ ಬಚ್ಚಲ ಒಲೆಯ ಮೇಲಿನ ತಂತಿಗೆ, ಅಪ್ಪನ ಬನಿಯನ್ನುಗಳ ನಡುವೆ ನೇತುಹಾಕಿದೆ. ಎಡಗೈಯದು ಒಣಗಿತು. ಬಲಗೈಯದು ಒಲೆಗೆ ಹತ್ತಿರವಾಗಿ ಸುಕ್ಕುಗಟ್ಟಿತು, ಈಗ ಹೆಬ್ಬೆರಳು ಒಳಗೆ ಹೋಗುವುದಿಲ್ಲ. ಎರಡಕ್ಕೂ ಹೊಗೆಯ ವಾಸನೆ. ಬೆಲೆ ಕೇಳಿ ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಆ ದುಡ್ಡಿಗೆ ಒಳ್ಳೆಯ ಕಂಬಳಿ ಬರುತ್ತಿತ್ತು" ಎಂದಳು. ಮಾರನೆಯ ದಿನವೂ ಹೇಳಿದಳು. ತೋಟಕ್ಕೆ ಮೈಲುತುತ್ತ, ಸುಣ್ಣ ಕಲಸುತ್ತಿದ್ದಾಗ, "ನಿನ್ನ ಗ್ಲೌಸಿಗೂ ಒಂದು ಸುತ್ತು ಹೊಡೆದುಬಿಡು" ಎಂದಳು. ಅಡಿಕೆಯ ಕೊಳೆರೋಗವೂ ಒಂದು ಬಗೆಯ ಬೂಷ್ಟೇ ತಾನೇ, ಅವಳ ಮಾತಿನಲ್ಲಿ ತಪ್ಪಿಲ್ಲ. ಅಂದಹಾಗೆ, ಎರಡನೆಯ ಸುತ್ತು ಔಷಧಿ ಹೊಡೆಯುವುದು ಬಾಕಿ ಇದೆ. ಒಂದು ಹೊಳವು ಸಿಕ್ಕಿದರೆ ಮರ ಹತ್ತುವವರು ಸಿಗುವುದಿಲ್ಲ, ಅವರು ಸಿಕ್ಕಿದ ದಿನ ಮಳೆ ಬಿಡುವುದಿಲ್ಲ... ಇರಲಿ, ಹೊಲಿಗೆ ಮುಗಿದೇ ಹೋಯಿತು.

ಇವರು ನಮ್ಮ ಚಿಕ್ಕಪ್ಪ. ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬಂದರು. ಕೈಯಲ್ಲಿರುವುದು ಗಾಂಧಿ ಬಜಾರಿನಿಂದ ತಂದ ಹಗ್ಗ. ಬಸ್ಸು ಗಾಜನೂರು ದಾಟುವಾಗ ತುಂಗೆ ಕೆಂಪಗೆ ಹರಿಯುತ್ತಿದ್ದಳಂತೆ. ಮಂಡಗದ್ದೆಯ ಹತ್ತಿರ ಮರ ಬಿದ್ದು ಮುಕ್ಕಾಲು ಗಂಟೆ ನಿಂತರಂತೆ. ಪ್ರಾಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಜಾತ್ರೆ ಕುಸ್ತಿಗಳಲ್ಲಿ ಅಖಾಡಕ್ಕೆ ಇಳಿದವರು. ಎಷ್ಟು ಗೆದ್ದಿರಿ ಎಂದು ಕೇಳಿದರೆ ಹೇಳುವುದಿಲ್ಲ. ಯಾರ ಕೈಯಲ್ಲಿ ಸೋತಿರಿ ಎಂದರೆ ಊರು, ಇಸವಿ, ಹಾಕಿದ ಪಟ್ಟು ಎಲ್ಲ ಹೇಳುತ್ತಾರೆ.

ಹಗ್ಗ ಕಟ್ಟುವುದನ್ನು ನೀವು ನೋಡುತ್ತಿರಿ. ಈ ವ್ಲಾಗಿಗೆ ಕಾರಣವಾದ ಮಾತು ಇಲ್ಲಿ ನಡೆಯಿತು. ನಾನು ಬಾಕ್ಸರ್ ಮೈಕ್ ಟೈಸನ್ ಹೆಸರು ಎತ್ತಿದೆ. 37 ಪಂದ್ಯ ಆಡಿ 37 ಗೆದ್ದವನು, ಎದುರಾಳಿಗಳು ರಿಂಗಿಗೆ ಬರುವಾಗಲೇ ಅರ್ಧ ಸೋತಿರುತ್ತಿದ್ದರು, ಅಂಥವನು ಒಂದೇ ಸೋಲಿಗೆ ಜನರ ಬಾಯಲ್ಲಿ ಅಗ್ಗವಾಗಿಬಿಟ್ಟ ಎಂದೆ. ಚಿಕ್ಕಪ್ಪ ಗಂಟು ಬಿಗಿಯುತ್ತಾ ಕೇಳಿದ್ದು ಇಷ್ಟೇ: "ಹೊಡೆದವನು ಯಾರು? ಆಮೇಲೆ ಅವನೇನಾದ?"

ಹೊಡೆದವನು ಬಸ್ಟರ್ ಡಗ್ಲಾಸ್. 1990ರ ಫೆಬ್ರವರಿ 11, ಟೋಕಿಯೋ. ಬಾಜಿ ಕಟ್ಟುವ ಒಂದು ಕಡೆ ಡಗ್ಲಾಸ್ ಮೇಲೆ 42ಕ್ಕೆ 1ರ ದರವಿತ್ತು, ಅಂದರೆ ಅವನು ಗೆಲ್ಲುತ್ತಾನೆ ಎಂದು ನಂಬಿದವರು ಇಲ್ಲವೇ ಇಲ್ಲ ಎನ್ನುವಷ್ಟು. ಪಂದ್ಯಕ್ಕೆ ಮೂರು ವಾರ ಮೊದಲು ಅವನ ತಾಯಿ ತೀರಿಕೊಂಡಿದ್ದರು. ಎಂಟನೆಯ ಸುತ್ತಿನಲ್ಲಿ ಡಗ್ಲಾಸನೇ ಬಿದ್ದ, ಎದ್ದ. ರೆಫರಿ ನಿಧಾನವಾಗಿ ಎಣಿಸಿದರು ಎಂಬ ತಕರಾರು ಇವತ್ತಿಗೂ ಇದೆ. ಹತ್ತನೆಯ ಸುತ್ತಿನಲ್ಲಿ ಟೈಸನ್ ಬಿದ್ದ. ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ. ಮಂಡಿಯೂರಿ ನೆಲ ತಡಕುತ್ತಾನೆ. ಬಾಯಿಂದ ಬಿದ್ದ ಹಲ್ಲುಗವಚವನ್ನು ಆ ದಪ್ಪ ಗ್ಲೌಸಿನಲ್ಲಿ ಹೇಗೋ ಎತ್ತಿ ಬಾಯಿಗೆ ತುರುಕಿಕೊಳ್ಳುತ್ತಾನೆ. ಅದು ಅಡ್ಡವಾಗಿ ಸಿಕ್ಕಿ ಒಂದು ತುದಿ ಹೊರಗೆ ಜೋತಾಡುತ್ತದೆ. ಕಳೆದುಹೋದ ಚಪ್ಪಲಿಯನ್ನು ಕತ್ತಲಲ್ಲಿ ಹುಡುಕುವವನ ಹಾಗೆ. ಜಗತ್ತೇ ಹೆದರುತ್ತಿದ್ದ ಮನುಷ್ಯ.

ಆ ಡಗ್ಲಾಸ್ ಆಮೇಲೆ ಏನಾದ? ಎಂಟು ತಿಂಗಳ ಮೇಲೆ, ಮೊದಲ ಬಾರಿ ಪಟ್ಟ ಉಳಿಸಿಕೊಳ್ಳಬೇಕಾದಾಗ, ಮೈ ಬೆಳೆಸಿಕೊಂಡು ಬಂದು ಹೋಲಿಫೀಲ್ಡ್ ಕೈಯಲ್ಲಿ ಮೂರನೆಯ ಸುತ್ತಿಗೆ ಅಂಗಾತ ಮಲಗಿದ. "ಅಷ್ಟೇ" ಎಂದರು ಚಿಕ್ಕಪ್ಪ. "ನಿನ್ನ ಟೈಸನ್‌ನ ಮಾನ ತೆಗೆದದ್ದು ಟೋಕಿಯೋ ಅಲ್ಲ ಮಾರಾಯ, ಈ ಮೂರು ಸುತ್ತು. ನಮ್ಮನ್ನು ಕೆಡವಿದವನು ಮುಂದಿನ ಜಾತ್ರೆಯಲ್ಲಿ ಹುಡುಗನೊಬ್ಬನ ಕೈಯಲ್ಲಿ ಬಿದ್ದರೆ ನಾವು ಎರಡನೆಯ ಸಲ ಬಿದ್ದಂತೆ."

ನಾನು ಒಪ್ಪಲಿಲ್ಲ. ವಾದ ಮಾಡುತ್ತಿರುವುದು ಕಾಣುತ್ತಿದೆಯಲ್ಲ, ಕೈಯಲ್ಲಿ ದಬ್ಬಳ ಬೇರೆ. ಅಭಿಮಾನಿಗಳು ಸೋಲಿನ ಆಚೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಂದಿನದನ್ನು ತಿದ್ದುತ್ತಾರೆ ಎಂದೆ. ನಿನ್ನೆಯವರೆಗೆ ಸಿಡಿಲು ಎನ್ನುತ್ತಿದ್ದವರು, ಸೋತ ಮರುದಿನ, ಇವನು ಹೊಡೆದದ್ದೆಲ್ಲ ಸೊರಗಿದವರನ್ನು ಎನ್ನತೊಡಗುತ್ತಾರೆ. ಈಗ ಈ ಚಿತ್ರ ನೋಡುತ್ತಾ ಯೋಚಿಸಿದರೆ, ಚಿಕ್ಕಪ್ಪ ಹೇಳಿದ್ದೂ ಅದೇ ಅನ್ನಿಸುತ್ತದೆ. ಹಿಂದಿನದನ್ನು ತಿದ್ದಲು ಪೆನ್ನು ಕೊಡುವವನು ಗೆದ್ದವನೇ.

ಮುಹಮ್ಮದ್ ಆಲಿಯನ್ನು ನೋಡಿ. ಮೊದಲ ಸೋಲು 1971ರ ಮಾರ್ಚ್ 8, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹದಿನೈದನೆಯ ಸುತ್ತಿನಲ್ಲಿ ಫ್ರೇಜಿಯರನ ಎಡಗೈ ಏಟಿಗೆ ಬೆನ್ನು ನೆಲಕ್ಕೆ ಹತ್ತಿತು. ಎದ್ದು ಆಟ ಮುಗಿಸಿದ, ಅಂಕಗಳಲ್ಲಿ ಸೋತ. ಹೊಡೆದ ಫ್ರೇಜಿಯರ್ ಆಗ ತಾನೂ ಸೋಲು ಕಾಣದವನು. ಅಂಥವನ ಕೈಯಲ್ಲಿ ಬಿದ್ದರೆ ಯಾರೂ ನಗುವುದಿಲ್ಲ. ಸರಿ, ಆದರೆ ಎರಡು ವರ್ಷಕ್ಕೆ ಅದೇ ಫ್ರೇಜಿಯರನನ್ನು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್ ಎರಡು ಸುತ್ತಿನಲ್ಲಿ ಆರು ಸಲ ಕೆಡವಿದ. ಚಿಕ್ಕಪ್ಪನ ಲೆಕ್ಕದಲ್ಲಿ ಆಲಿಯ ಬೆಲೆ ಅಲ್ಲಿಗೆ ಇಳಿಯಬೇಕಿತ್ತು. ಇಳಿದೂ ಇತ್ತು, ಅದೇ ಫೋರ್‌ಮನ್ ಎದುರು ಆಡಲು ಆಫ್ರಿಕಾದ ಕಿನ್ಶಾಸಾಗೆ ಹೋಗುವಾಗ ಆಲಿ ಗೆಲ್ಲುತ್ತಾನೆ ಎಂದವರು ಕಡಿಮೆ. 1974ರ ಅಕ್ಟೋಬರ್ 30ರಂದು ಆ ಫೋರ್‌ಮನ್‌ನನ್ನೇ ಎಂಟನೆಯ ಸುತ್ತಿನಲ್ಲಿ ಮಲಗಿಸಿ, ಸಾಲವನ್ನು ಬಡ್ಡಿ ಸಮೇತ ತೀರಿಸಿದ.

ಆ ಫೋರ್‌ಮನ್ ಕತೆ ಇನ್ನೂ ಚೆಂದ. ಅದು ಅವನ ಮೊದಲ ಸೋಲು. ಮುಗಿದ ಎಂದರು. 1977ರಲ್ಲಿ ಆಟ ಬಿಟ್ಟು ಧರ್ಮಬೋಧಕನಾದ. ಹತ್ತು ವರ್ಷದ ನಂತರ ದಪ್ಪಗಾಗಿ ಮರಳಿ ಬಂದಾಗ ಜನ ನಕ್ಕರು. 1994ರಲ್ಲಿ, 45ನೆಯ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ ಮತ್ತೆ ಚಾಂಪಿಯನ್. ಆ ದಿನ ಅವನು ತೊಟ್ಟದ್ದು ಕಿನ್ಶಾಸಾದಲ್ಲಿ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ಇಪ್ಪತ್ತು ವರ್ಷ ಎತ್ತಿಟ್ಟ ಚಡ್ಡಿ! ನನ್ನ ಗ್ಲೌಸ್ ಎರಡು ತಿಂಗಳು ತಾಳಲಿಲ್ಲ. ಆ ಮನುಷ್ಯ ಮಲೆನಾಡಿನವನಲ್ಲ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಇಲ್ಲಿ ಅಮ್ಮ ಕಡುಬು ತಂದಳು. ತಿನ್ನುವುದನ್ನು ಕತ್ತರಿಸಿದ್ದೇನೆ. ಕಾಯಿಚಟ್ನಿಗೆ ಹುಳಿ ಹೆಚ್ಚಾಗಿತ್ತು, ಹೇಳುವ ಧೈರ್ಯವಾಗಲಿಲ್ಲ.

ಮುಂದಿನದು ನೆಪಗಳ ವಿಚಾರ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತೇವಲ್ಲ, ಈ ಗಾದೆಯನ್ನು ಹೆವಿವೇಟಿನವರಿಗೆಂದೇ, ಅಂದರೆ ಹೆಚ್ಚು ತೂಕದ ವಿಭಾಗದ ಬಾಕ್ಸರುಗಳಿಗೆಂದೇ, ಕಟ್ಟಿದಂತಿದೆ. ಡಿಯಾಂಟೆ ವೈಲ್ಡರ್ 2020ರ ಫೆಬ್ರವರಿಯಲ್ಲಿ ಟೈಸನ್ ಫ್ಯೂರಿಗೆ (ಇವನು ಬೇರೆ ಟೈಸನ್) ಏಳನೆಯ ಸುತ್ತಿನಲ್ಲಿ ಸೋತ. ಅದು ಅವನ ಮೊದಲ ಸೋಲು. ಕಾರಣ ಏನೆಂದ? ರಿಂಗಿಗೆ ಬರುವಾಗ ತೊಟ್ಟಿದ್ದ ವೇಷ 40 ಪೌಂಡಿಗೂ ಹೆಚ್ಚು ತೂಕವಿತ್ತು, ಕಾಲು ಸೋತವು ಎಂದ. ಅಂದರೆ 18 ಕಿಲೋ. ಔಷಧಿ ಕ್ಯಾನು ಬೆನ್ನಿಗೆ ಹಾಕಿಕೊಂಡು ಜಾರುವ ಬರೆ ಹತ್ತುವ ನಮ್ಮ ತೋಟದವರು ಇದನ್ನು ಕೇಳಿದರೆ ಏನೆನ್ನುತ್ತಾರೋ. ಏಟು ತಿಂದದ್ದನ್ನು ಅಭಿಮಾನಿಗಳು ಮರೆತಿದ್ದರೂ ಮರೆಯುತ್ತಿದ್ದರು, ಈ ವೇಷವನ್ನು ಮಾತ್ರ ಬಿಡಲಿಲ್ಲ. ಫ್ಯೂರಿಯೇನು ಕಡಿಮೆಯಲ್ಲ. 2024ರ ಮೇ 18ರಂದು ರಿಯಾದ್‌ನಲ್ಲಿ ಆವರೆಗೆ ಸೋಲು ಕಾಣದಿದ್ದ ಉಕ್ರೇನಿನ ಉಸಿಕ್‌ಗೆ ಮೊದಲ ಬಾರಿ ಸೋತು, ಅವನ ದೇಶ ಯುದ್ಧದಲ್ಲಿದೆ, ಜನರ ಒಲವು ಆ ಕಡೆಗೆ ಎಂದ. ಒಂಬತ್ತನೆಯ ಸುತ್ತಿನಲ್ಲಿ ಹಗ್ಗದಿಂದ ಹಗ್ಗಕ್ಕೆ ಓಲಾಡಿದ್ದನ್ನು ನಾವೆಲ್ಲ ನೋಡಿದ್ದೇವಲ್ಲ! ಡಿಸೆಂಬರಿನಲ್ಲಿ ಮತ್ತೆ ಸೋತ. ಆದರೂ ಫ್ಯೂರಿಯ ಹೆಸರು ಅಷ್ಟಾಗಿ ಕೆಡಲಿಲ್ಲ, ಏಕೆಂದರೆ ಉಸಿಕ್ ಉಸಿಕ್ಕೇ. ನೋಡಿ, ನಾನೇ ಚಿಕ್ಕಪ್ಪನ ಕಡೆಗೆ ವಾಲುತ್ತಿದ್ದೇನೆ.

ಮೀಸೆಯ ಮಾತು ಬಂದದ್ದಕ್ಕೆ ಇನ್ನೊಂದು. ಫ್ಲಾಯ್ಡ್ ಪ್ಯಾಟರ್ಸನ್ 1959ರಲ್ಲಿ ಯೊಹಾನ್ಸನ್‌ಗೆ ಪಟ್ಟ ಕಳೆದುಕೊಂಡ, ಒಂದೇ ಸುತ್ತಿನಲ್ಲಿ ಏಳು ಸಲ ಬಿದ್ದು. ಮರು ವರ್ಷ ಅವನನ್ನೇ ಹೊಡೆದು, ಕಳೆದ ಹೆವಿವೇಟ್ ಪಟ್ಟವನ್ನು ಮರಳಿ ಪಡೆದ ಮೊದಲಿಗನಾದ. ನೆಪವಿಲ್ಲ, ಗೊಣಗಾಟವಿಲ್ಲ. ಆದರೆ 1962ರಲ್ಲಿ ಲಿಸ್ಟನ್ ಮೊದಲ ಸುತ್ತಿನಲ್ಲೇ ಮಲಗಿಸಿದಾಗ, ನಾಚಿಕೆಯಿಂದ ಸುಳ್ಳು ಗಡ್ಡ ಮೀಸೆ ಅಂಟಿಸಿಕೊಂಡು ಊರು ಬಿಟ್ಟ. ಗಾದೆಯ ಜಟ್ಟಿಗೆ ಇದ್ದ ಮೀಸೆಯ ಚಿಂತೆ, ಇವನು ಇಲ್ಲದ ಮೀಸೆ ತರಿಸಿಕೊಂಡ. ನನಗೆ ಇವರೆಲ್ಲರಲ್ಲಿ ಹೆಚ್ಚು ಇಷ್ಟವಾಗುವವನು ಇವನೇ.

ಲೆನಾಕ್ಸ್ ಲೂಯಿಸ್ ಹೆಸರು ಹೇಳಿ ಚಿಕ್ಕಪ್ಪನನ್ನು ಕಟ್ಟಿಹಾಕಬೇಕೆಂದಿದ್ದೆ. ಅವನು ಸೋತದ್ದು ಇಬ್ಬರಿಗೆ, 1994ರಲ್ಲಿ ಮೆಕಾಲ್, 2001ರಲ್ಲಿ ರಹಮಾನ್. ಇಬ್ಬರೂ ದೊಡ್ಡ ಹೆಸರಲ್ಲ. ಇಬ್ಬರನ್ನೂ ಮತ್ತೆ ಕರೆದು ಗೆದ್ದ, ಲೆಕ್ಕ ಚುಕ್ತಾ. "ಚುಕ್ತಾ ಹೇಗೆ?" ಎಂದರು. ಮರುಪಂದ್ಯದಲ್ಲಿ ಮೆಕಾಲ್ ಹೊಡೆಯದೆ, ರಿಂಗಿನಲ್ಲೇ ಅಳುತ್ತಾ ಓಡಾಡಿದ್ದನ್ನು ಹೇಳಬೇಕಾಯಿತು. "ಅಳುವವನನ್ನು ಗೆದ್ದದ್ದನ್ನು ಗೆಲುವು ಎನ್ನುತ್ತಾರೆಯೇ?" ಎಂದರು ಚಿಕ್ಕಪ್ಪ. ನನ್ನ ಹತ್ತಿರ ಉತ್ತರವಿರಲಿಲ್ಲ, ರಹಮಾನ್ ಕಡೆಗೆ ಹಾರಿದೆ. ಆ್ಯಂಟನಿ ಜೋಶುವಾನದೂ ಇದೇ ಪಾಡು. 2019ರ ಜೂನಿನಲ್ಲಿ, ಬದಲಿಯಾಗಿ ಬಂದ ಆಂಡಿ ರೂಯಿಸ್ ನಾಲ್ಕು ಸಲ ಕೆಡವಿದ. ಆರು ತಿಂಗಳಲ್ಲಿ ಜೋಶುವಾ ಚಾಂಪಿಯನ್ ಬೆಲ್ಟುಗಳನ್ನು ಮರಳಿ ಗೆದ್ದ. ಆದರೆ ರೂಯಿಸ್ ಅಷ್ಟರಲ್ಲಿ ಇನ್ನೂ ಏಳು ಕಿಲೋ ಏರಿ, 128ರ ಆಸುಪಾಸಿಗೆ ಬಂದಿದ್ದ. ಮೋಜು ಮಾಡುತ್ತಾ ಕಾಲ ಕಳೆದೆ ಎಂದು ತಾನೇ ಒಪ್ಪಿಕೊಂಡ. ಗೆದ್ದ ಜೋಶುವಾಗೆ ಸಿಗಬೇಕಾದ ಮರ್ಯಾದೆಯಲ್ಲಿ ಅರ್ಧವನ್ನು ಆ ಏಳು ಕಿಲೋ ತಿಂದುಹಾಕಿತು.

ಅಮ್ಮ ನಡುವೆ ಬಾಯಿ ಹಾಕಿ, ಸೋಲದೇ ಉಳಿದವನು ಯಾರೂ ಇಲ್ಲವೇ ಎಂದಳು. ಇದ್ದಾನೆ, ರಾಕಿ ಮಾರ್ಸಿಯಾನೋ, 49ಕ್ಕೆ 49, 1956ರಲ್ಲಿ ನಿವೃತ್ತ. "ಮತ್ತೆ ಅವನ ವಿಚಾರ ಮಾತಾಡಿ" ಎಂದಳು. ಅವನ ವಿಚಾರದಲ್ಲಿ ಮಾತಾಡಲು ಏನಿದೆ ಹೇಳಿ? ಲ್ಯಾರಿ ಹೋಮ್ಸ್ 48 ಗೆದ್ದು, ಆ ಲೆಕ್ಕವನ್ನು ಸರಿಗಟ್ಟಲು ಒಂದೇ ಬಾಕಿ ಇರುವಾಗ, 1985ರಲ್ಲಿ ಮೈಕೆಲ್ ಸ್ಪಿಂಕ್ಸ್‌ಗೆ ಸೋತ. ಆ ಕೋಪದಲ್ಲಿ, ಆಗಲೇ ತೀರಿಕೊಂಡಿದ್ದ ಮಾರ್ಸಿಯಾನೋ ಬಗ್ಗೆ ಒರಟಾಗಿ ಮಾತಾಡಿದ. 48 ಗೆಲುವಿಗಿಂತ ಆ ಒಂದು ಮಾತು ಹೆಚ್ಚು ಕಾಲ ಬಾಳಿತು... ಅಯ್ಯೋ, ಚೀಲ ಮೇಲೇರಿಬಿಟ್ಟಿತು.

ಜಗಲಿಯ ತೊಲೆ, ಗಾಂಧಿ ಬಜಾರಿನ ಹಗ್ಗ, ನನ್ನ ಹೊಲಿಗೆ. ನಾನು ನಾಲ್ಕು ಏಟು ಹಾಕಿದೆ. ಬಲಗೈ ಹೆಬ್ಬೆರಳು ಹೊರಗೇ ಇರುವುದನ್ನು ಗಮನಿಸಬೇಡಿ. ಚೀಲ ಅಲ್ಲಾಡಿತು, ಹೊಟ್ಟಿನ ದೂಳು ಬಂತು, ಒಟ್ಟಿನಲ್ಲಿ ಚೆನ್ನಾಗಿತ್ತು. ಆಮೇಲೆ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿದರು. ಗ್ಲೌಸ್ ಬೇಡ ಎಂದರು, ವಾಸನೆ. ಬರಿಗೈಯಲ್ಲಿ ಒಂದೇ ಒಂದು ಗುದ್ದು. ನಿಧಾನವಾಗಿ ತೋರಿಸುತ್ತೇನೆ, ನೋಡಿ. ಮೊದಲು ಮೂಲೆಯ ಹೊಲಿಗೆ ಬಿಡುತ್ತದೆ, ಆಮೇಲೆ ಇಡೀ ಬಾಯಿ. ಜಗಲಿ ತುಂಬ ಹೊಟ್ಟು, ಕೆಳಗೆ ಮರಳು, ಅಂಗಳದಿಂದ ಓಡಿಬರುತ್ತಿರುವುದು ನಮ್ಮ ಕೋಳಿಗಳು.

ಇಲ್ಲಿ ನನ್ನ ತುಟಿ ಅಲ್ಲಾಡುತ್ತಿದೆ. ಹೇಳುತ್ತಿರುವುದು ಇದು: ಹುರಿ ಒದ್ದೆಯಾಗಿತ್ತು, ಇಲ್ಲದಿದ್ದರೆ ಈ ಹೊಲಿಗೆ ಬಿಡುತ್ತಲೇ ಇರಲಿಲ್ಲ.

ಚಿಕ್ಕಪ್ಪ ಏನೂ ಹೇಳಲಿಲ್ಲ. ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿದರು. ಅಲ್ಲಿಗೆ ಬ್ಯಾಟರಿ ಮುಗಿದಿದೆ.